ಕೈಗೆಟುಕುವ ಬೆಲೆ: ಯಾರ ಕೈಗೆ?

ತೂಕ ಇಳಿಸೋ ಇಂಜೆಕ್ಷನ್ ಅಂದರೆ ಅಡ್ಡದಾರಿ ಅನ್ನೋರು ನಮ್ಮ ಆಫೀಸಲ್ಲಿ ಬೇಕಾದಷ್ಟು ಜನ ಇದ್ದಾರೆ. "ಮುದ್ದೆ ತಿನ್ನು, ನಡಿ, ತಾನೇ ಇಳಿಯುತ್ತೆ" ಅಂತಾರೆ. ಬಿಪಿ ಮಾತ್ರೆ ನುಂಗೋರಿಗೆ ಯಾರೂ ಹೀಗೆ ಚುಚ್ಚಿ ಮಾತಾಡಲ್ಲ. ಹಸಿವು ಬರೀ ನಾಲಿಗೆಯ ಚಪಲವಲ್ಲ, ಅದರಲ್ಲಿ ಹಾರ್ಮೋನುಗಳ ಪಾಲೂ ಇದೆ. ಈ ಔಷಧಗಳು ಕೆಲಸ ಮಾಡೋದು ಅಲ್ಲೇ. ಡಾಕ್ಟರ್ ಬರೆದುಕೊಟ್ಟ ಮೇಲೆ ತಗೊಳ್ಳೋದರಲ್ಲಿ ನಾಚಿಕೆಯೇನಿಲ್ಲ. ನನ್ನನ್ನು ಕಾಡುವುದು ದುಡ್ಡಿನ ಪ್ರಶ್ನೆ.

2025ರ ಮಾರ್ಚ್‌ನಲ್ಲಿ ಮೌಂಜಾರೊ ಭಾರತಕ್ಕೆ ಬಂದಾಗ 5 ಮಿಲಿಗ್ರಾಂನ ಒಂದು ವಯಲ್‌ಗೆ 4,375 ರೂಪಾಯಿ. ವಾರಕ್ಕೊಂದು, ಅಂದರೆ ನಾಲ್ಕು ವಾರಕ್ಕೆ 17,500. ನಮ್ಮಂಥವರಿಗೆ ಅದು ಇನ್ನೊಂದು ಇಎಂಐ. ಆ ವರ್ಷ ಕರ್ನಾಟಕದಲ್ಲಿ ನರೇಗಾ ಕೂಲಿ ದಿನಕ್ಕೆ 370. ನಮ್ಮೂರ ಲೆಕ್ಕದಲ್ಲಿ ಒಂದು ತಿಂಗಳ ಔಷಧಕ್ಕೆ 47 ದಿನದ ಕೂಲಿ ಬೇಕು. ತಿಂಗಳಲ್ಲಿ ಅಷ್ಟು ದಿನಗಳೇ ಇಲ್ಲ! ಔಷಧ ನಿಲ್ಲಿಸಿದರೆ ಇಳಿದ ತೂಕದಲ್ಲಿ ಬಹುಪಾಲು ಮರಳಿ ಬರುತ್ತೆ. ಹಾಗಾಗಿ ಎಟುಕೋದು ಅಂದರೆ ಒಂದು ಸಲ ಕೊಳ್ಳೋದಲ್ಲ, ವರ್ಷಗಟ್ಟಲೆ ಕೊಳ್ಳೋದು.

ನಮ್ಮ ಶಿವನಸಮುದ್ರಕ್ಕೆ ಈ ಕಥೆ ಹೊಸದಲ್ಲ. 1902ರಲ್ಲಿ ಇಲ್ಲಿ ಕಾವೇರಿಯಿಂದ ಹುಟ್ಟಿದ ಕರೆಂಟು ಮೊದಲು ಹೋಗಿದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿಗೆ. ದುಡ್ಡು ಕೊಡಬಲ್ಲವರ ಕಡೆಗೆ ತಂತಿ ಮೊದಲು ಓಡಿತು. ಗಣಿಯವರು ಕೊಂಡದ್ದು ತಪ್ಪು ಅಂತ ನಾನು ಹೇಳಲ್ಲ. ಕೊಳ್ಳೋರು ಇಲ್ಲದಿದ್ದರೆ ಆ ತಂತಿಯನ್ನೇ ಎಳೆಯುತ್ತಿರಲಿಲ್ಲವೇನೋ. ಆದರೆ ತಂತಿ ಗಣಿಯಲ್ಲೇ ನಿಂತಿದ್ದರೆ ಅದು ಅನ್ಯಾಯ.

ಈ ಔಷಧಕ್ಕೂ ಇದೇ ಮಾತು. ಇದು ಸಕ್ಕರೆ ಕಾಯಿಲೆಗೂ ಔಷಧ, ಬೊಜ್ಜಿಗೂ ಔಷಧ. ಅವ್ವನಿಗೆ ಹದಿನೈದು ವರ್ಷದಿಂದ ಶುಗರ್ ಇದೆ, ಮಂಡಿನೋವೂ ಇದೆ. ನನಗಿರೋದು ಹೊಟ್ಟೆ ಮಾತ್ರ. ಇಂಜೆಕ್ಷನ್ ವಿಷಯ ಹೇಳಿದರೆ ಅವ್ವ ನಕ್ಕುಬಿಟ್ಟಳು: "ಹಸಿವಾಗ್ದಂಗೆ ಮಾಡ್ಕಳಕ್ಕೂ ದುಡ್ ಕೊಡ್ತರೇನ್ಲಾ?"

"ನನ್ನ ಸಂಬಳ, ನನ್ನ ಇಷ್ಟ" ಅನ್ನಬಹುದು. ನಾನು ಕೊಳ್ಳದೆ ಬಿಟ್ಟರೆ ಆ ವಯಲ್ ಊರಿನ ಬಡವರಿಗೇನೂ ಹೋಗಲ್ಲ, ಅದೂ ನಿಜ. ಆದರೆ ಒಂದು ಮನೆಯ ಜೇಬು ಒಂದೇ. ಅಲ್ಲಿ ಸರದಿ ಸಂಬಳದ ಮೇಲೆ ಅಲ್ಲ, ಕಾಯಿಲೆಯ ಮೇಲೆ ನಿಲ್ಲಬೇಕು. ಡಾಕ್ಟರ್ ಒಪ್ಪಿದರೆ ಮೊದಲ ಸರದಿ ಅವ್ವನದು. ನಾನು ಕಾಯಬಲ್ಲೆ, ನಡೆಯಲೂಬಲ್ಲೆ.

ಮನೆಯಾಚೆಗೂ ಒಂದು ಕೆಲಸ ಇದೆ. ಇದೇ ಬಗೆಯ ಇನ್ನೊಂದು ಔಷಧ ಸೆಮಾಗ್ಲುಟೈಡ್. ಭಾರತದಲ್ಲಿ ಅದರ ಪೇಟೆಂಟ್‌ಗೆ 2026ರ ಮಾರ್ಚ್ ಕೊನೆ. ಆಮೇಲೆ ಬೇರೆ ಕಂಪನಿಗಳೂ ಅದನ್ನು ಮಾಡಬಹುದು, ಬೆಲೆಗೆ ಪೈಪೋಟಿ ಬೀಳುತ್ತೆ. ಆಗ ನಾವು "ಸದ್ಯ, ಅಗ್ಗವಾಯ್ತು" ಅಂತ ಆ್ಯಪ್‌ನಲ್ಲಿ ಆರ್ಡರ್ ಮಾಡಿ ಸುಮ್ಮನಾಗಬಾರದು. ಮಳವಳ್ಳಿಯ ಸರ್ಕಾರಿ ಆಸ್ಪತ್ರೆಯಲ್ಲಿ, ಜನೌಷಧಿ ಅಂಗಡಿಯಲ್ಲಿ ಅದು ಯಾವಾಗ ಸಿಗುತ್ತೆ ಅಂತ ಕೇಳಬೇಕು. ನಮ್ಮ ಕೈಗೆ ಎಟುಕಿದ್ದು ತಂತಿಯ ಮೊದಲ ಕಂಬ ಅಷ್ಟೇ.