ಕ್ಷಮೆ ಕೇಳಿದರೆ ಸಾಕೇ?

ದೇಶದ ಕಾನೂನು ಒಪ್ಪಿದ ಕಾರ್ಯವೆಲ್ಲ ದೇವರ ದೃಷ್ಟಿಯಲ್ಲಿಯೂ ನ್ಯಾಯವೆನಿಸಬೇಕೆಂದಿಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾ ಪ್ರದೇಶದ ಒಂದು ಘಟನೆ ಇದಕ್ಕೆ ಸಾಕ್ಷಿ.

2020ರ ಮೇ 24ರಂದು ರಿಯೋ ಟಿಂಟೋ ಎಂಬ ಗಣಿ ಕಂಪನಿಯು ಕಬ್ಬಿಣದ ಅದಿರಿಗಾಗಿ ಜೂಕನ್ ಕಮರಿಯಲ್ಲಿ ಸಿಡಿಮದ್ದು ಸ್ಫೋಟಿಸಿ ಎರಡು ಪುರಾತನ ಗುಹೆಗಳನ್ನು ನಾಶಮಾಡಿತು. ಪೂಟು ಕುಂಟಿ ಕುರ್ರಮ ಮತ್ತು ಪಿನಿಕುರ ಎಂಬ ಮೂಲನಿವಾಸಿಗಳಿಗೆ ಅವು ಪವಿತ್ರ ಸ್ಥಳಗಳು. ಅಲ್ಲಿ ಸುಮಾರು 46,000 ವರ್ಷಗಳ ಮಾನವ ವಾಸದ ಕುರುಹುಗಳಿದ್ದವು. 2014ರ ಉತ್ಖನನದಲ್ಲಿ ದೊರೆತ, 4,000 ವರ್ಷ ಹಳೆಯ ಹೆಣೆದ ಕೂದಲು ಇಂದಿನ ಆ ಜನರ ಪೂರ್ವಜರದೇ ಎಂದು ಪರೀಕ್ಷೆಯಿಂದ ತಿಳಿದಿತ್ತು. ಆದರೆ ಸರ್ಕಾರದ ಅನುಮತಿ 2013ರಲ್ಲಿಯೇ ಸಿಕ್ಕಿತ್ತು; ಹೊಸದಾಗಿ ಏನೇ ಪತ್ತೆಯಾದರೂ ಕೊಟ್ಟ ಅನುಮತಿಯನ್ನು ಮರುಪರಿಶೀಲಿಸಲು 1972ರ ಕಾನೂನಿನಲ್ಲಿ ಅವಕಾಶವಿರಲಿಲ್ಲ.

ವಿಪರ್ಯಾಸವೆಂದರೆ, ಮೂಲನಿವಾಸಿಗಳೊಡನೆ ಸಂಧಾನಕ್ಕೆ ಬದ್ಧವೆಂದು ಈ ಕಂಪನಿ ಮೊದಲೇ ಲಿಖಿತ ಯೋಜನೆಯನ್ನು ಪ್ರಕಟಿಸಿತ್ತು. ಹಾಗಾದರೆ ಸಂಧಾನ ಎಂದರೇನು?

ಪಾಪನಿವೇದನೆಯ ಸಂಸ್ಕಾರದಲ್ಲಿ ಧರ್ಮಸಭೆಯು ನಮ್ಮಿಂದ ಅಪೇಕ್ಷಿಸುವುದು ಪಶ್ಚಾತ್ತಾಪ, ನಿವೇದನೆ ಮತ್ತು ಪ್ರಾಯಶ್ಚಿತ್ತ. ಕಂಪನಿಯ ಮೊದಲ ಕ್ಷಮೆಯಾಚನೆಯು ಆ ಜನರಿಗಾದ ನೋವಿನ ಕುರಿತಾಗಿತ್ತು. ಆದರೆ ನೋವಾದದ್ದಕ್ಕೆ ಮರುಗುವುದು ಬೇರೆ, ನೋಯಿಸಿದ ಕೃತ್ಯಕ್ಕೆ ಪಶ್ಚಾತ್ತಾಪಪಡುವುದು ಬೇರೆ. ಗಣಿ ವಿಸ್ತರಣೆಗೆ ಕಂಪನಿಯ ಮುಂದೆ ನಾಲ್ಕು ಮಾರ್ಗಗಳಿದ್ದವು. ಮೂರರಲ್ಲಿ ಗುಹೆಗಳು ಉಳಿಯುತ್ತಿದ್ದವು. ಸುಮಾರು 80 ಲಕ್ಷ ಟನ್ ಅದಿರಿಗಾಗಿ ನಾಲ್ಕನೆಯದನ್ನು ಆರಿಸಿಕೊಳ್ಳಲಾಯಿತು. ಉಳಿದ ಮಾರ್ಗಗಳ ವಿಷಯವನ್ನು ಆ ಜನರಿಗೆ ತಿಳಿಸಿಯೇ ಇರಲಿಲ್ಲವೆಂಬುದು ಸಂಸತ್ತಿನ ವಿಚಾರಣೆಯಲ್ಲಿ ಹೊರಬಿತ್ತು. ಸತ್ಯವನ್ನು ಪೂರ್ತಿಯಾಗಿ ಹೇಳದಿದ್ದರೆ ಅದು ನಿವೇದನೆಯಾಗದು.

ಕಂಪನಿಗೆ ಆತ್ಮವಿಲ್ಲ, ಅದು ಹೇಗೆ ಪಶ್ಚಾತ್ತಾಪಪಟ್ಟೀತು ಎಂದು ಕೆಲವರು ಕೇಳಬಹುದು. ನಿಜ. ಆದರೆ ಸಹಿ ಹಾಕಿದ ಕೈಗಳು ಮನುಷ್ಯರವು. ಲಾಭವನ್ನು ಹಂಚಿಕೊಂಡವರೂ ಮನುಷ್ಯರೇ. ಆ ಸೆಪ್ಟೆಂಬರ್‌ನಲ್ಲಿ ಮುಖ್ಯಾಧಿಕಾರಿಯೂ ಸೇರಿದಂತೆ ಮೂವರ ನಿರ್ಗಮನವನ್ನು ಕಂಪನಿ ಪ್ರಕಟಿಸಿತು.

ಇನ್ನು ಪ್ರಾಯಶ್ಚಿತ್ತ. ಜಕ್ಕಾಯನು ವಂಚಿಸಿದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುವೆನೆಂದನು. ಸಿಡಿದುಹೋದ ಗುಹೆಗೆ ನಾಲ್ಕರಷ್ಟು ಎಂದರೆ ಏನು? 2022ರ ನವೆಂಬರ್‌ನಲ್ಲಿ ಪರಿಹಾರದ ಒಪ್ಪಂದವಾಗಿ ಒಂದು ಪ್ರತಿಷ್ಠಾನಕ್ಕೆ ನೆರವು ಘೋಷಿತವಾಯಿತು. ಹಣ ಬೇಕು, ಆದರೆ ಅದು ಅರ್ಧ ಮಾತ್ರ. ನಾಬೋತನು ತನ್ನ ಪಿತ್ರಾರ್ಜಿತ ದ್ರಾಕ್ಷಿತೋಟವನ್ನು ಮಾರಲು ಒಪ್ಪದಿದ್ದಾಗ ಅರಸ ಅಹಾಬನು ಅದಕ್ಕಿಂತ ಒಳ್ಳೆಯ ತೋಟವನ್ನೋ ಬೆಲೆಯನ್ನೋ ಕೊಡಲು ಸಿದ್ಧನಿದ್ದ. ಆದರೆ ನಾಬೋತನ 'ಇಲ್ಲ' ಎಂಬ ಮಾತನ್ನು ಗೌರವಿಸಲು ಅವನಿಗಾಗಲಿಲ್ಲ. ಕಳೆದದ್ದನ್ನು ಮರಳಿಸಲಾಗದಿದ್ದಾಗ, 'ಇಲ್ಲ' ಎನ್ನುವ ಹಕ್ಕನ್ನಾದರೂ ಮರಳಿಸಬೇಕು. 2025ರಲ್ಲಿ ಗಣಿಗಾರಿಕೆಯ ಯೋಜನೆಯಲ್ಲಿ ಆ ಜನರಿಗೂ ಪಾಲು ನೀಡುವ ಒಪ್ಪಂದವಾಯಿತು. ಅದರ ಬೆಲೆ ತಿಳಿಯುವುದು ಮುಂದೊಂದು ದಿನ ಅವರು 'ಬೇಡ' ಎಂದಾಗ.

ಕ್ಷಮಿಸುವುದು ಅನ್ಯಾಯಕ್ಕೊಳಗಾದವರ ಕೈಯಲ್ಲಿದೆ. ಅದನ್ನು ಒತ್ತಾಯಿಸಿ ಪಡೆಯಲಾಗದು. ಬಲಿಪೀಠದ ಬಳಿ ಕಾಣಿಕೆಯನ್ನಿಟ್ಟು ಮೊದಲು ಸಹೋದರನ ಬಳಿಗೆ ಹೋಗು ಎಂದ ಪ್ರಭು, ಅವನು ನಿನ್ನ ಬಳಿಗೆ ಬರಲಿ ಎನ್ನಲಿಲ್ಲ. ಆಸ್ತಿಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟಿರುವ ನಮ್ಮ ಮನೆಗಳಿಗೂ ಇದೇ ಆಜ್ಞೆ ಅನ್ವಯಿಸುತ್ತದೆ.