ಟೋಸ್ಕಾಳ ಅಳಲು

ಇಟಲಿಯ ಪುಚಿನಿ ರಚಿಸಿದ 'ಟೋಸ್ಕಾ' ಎಂಬ ಸಂಗೀತ ನಾಟಕ (ಒಪೆರಾ) 1900ರಲ್ಲಿ ರೋಮ್‌ನಲ್ಲಿ ಮೊದಲು ರಂಗವೇರಿತು. ಅದರ ಎರಡನೆಯ ಅಂಕದಲ್ಲಿ ಪೊಲೀಸ್ ಮುಖ್ಯಸ್ಥ ಸ್ಕಾರ್ಪಿಯಾ, ಗಾಯಕಿ ಟೋಸ್ಕಾಳ ಪ್ರಿಯಕರನ ಪ್ರಾಣಕ್ಕೆ ಬೆಲೆಯಾಗಿ ಅವಳ ಮಾನವನ್ನು ಕೇಳುತ್ತಾನೆ. ಆಗ ಅವಳು 'ವಿಸ್ಸಿ ದಾರ್ತೆ' ಹಾಡುತ್ತಾಳೆ. ಕಲೆ, ಪ್ರೀತಿ, ಪ್ರಾರ್ಥನೆ, ದಾನಗಳಲ್ಲಿ ಬದುಕು ಕಳೆದ ತನಗೆ ದೇವರು ಇಂಥ ಪ್ರತಿಫಲವನ್ನೇಕೆ ಕೊಟ್ಟ ಎಂಬುದೇ ಅದರ ಅಳಲು.

ಇದು ನಂಬಿಕೆಯ ಸೋಲೇ? ಅಲ್ಲ. ದೂರುವಾಗಲೂ ಅವಳ ಮುಖ ದೇವರತ್ತಲೇ ಇದೆ. ಪ್ರವಾದಿ ಯಾಕೂಬ್(ಅ)ರೂ ಮಗ ಯೂಸುಫರ ಅಗಲಿಕೆಯ ದುಃಖವನ್ನು ಅಲ್ಲಾಹನಲ್ಲೇ ತೋಡಿಕೊಂಡರು. ಒಳ್ಳೆಯವರಿಗೆ ಕಷ್ಟ ಬರಲಾರದೆಂಬ ಕರಾರನ್ನು ದೇವರು ಯಾರೊಂದಿಗೂ ಮಾಡಿಕೊಂಡಿಲ್ಲ, ನಿಜ. ಆದರೆ ಇಲ್ಲಿ ಹಿಂಸಿಸುತ್ತಿರುವವನು ಸ್ಕಾರ್ಪಿಯಾ. ಅವನನ್ನು ಪ್ರಶ್ನಿಸದೆ ನೊಂದವಳಿಗೆ ಮಾತ್ರ ತಾಳ್ಮೆ ಬೋಧಿಸಿದರೆ, ಅನ್ಯಾಯಕ್ಕೆ ನಾವೂ ಕೈಜೋಡಿಸಿದಂತೆ.