ಒಂದೇ ಬಲೆಯ ಎರಡು ನೊಣ

ಊಜಿ ನೊಣದ ಮೇಲೆ ಮಾವಿನ ಬೆಳೆಗಾರರಿಗಿರುವ ಸಿಟ್ಟು ನ್ಯಾಯವಾದದ್ದು. ಹೆಣ್ಣು ನೊಣ ಬಲಿತ ಕಾಯಿಯ ಸಿಪ್ಪೆ ಚುಚ್ಚಿ ಮೊಟ್ಟೆಯಿಡುತ್ತದೆ. ಮರಿ ತಿರುಳು ತಿಂದು ಬೆಳೆದು, ಮಣ್ಣಿಗಿಳಿದು ಕೋಶವಾಗುತ್ತದೆ. 2014ರಲ್ಲಿ ಐರೋಪ್ಯ ಒಕ್ಕೂಟ ಭಾರತದ ಮಾವಿಗೆ ಕೆಲವು ತಿಂಗಳು ಬಾಗಿಲು ಹಾಕಿದ್ದು ಹಣ್ಣಿನೊಳಗೆ ಇಂಥ ನೊಣಗಳ ಮರಿ ಸಿಕ್ಕಿದ್ದಕ್ಕೇ. ಇಷ್ಟಾದರೂ ಈ ಪುಟ್ಟ ಜೀವದ ವಂಶದ ಕಥೆ ಓದಿದಾಗಲೆಲ್ಲ ನನಗೆ ಸಿಟ್ಟು ಮರೆತುಹೋಗುತ್ತದೆ.

ಬ್ಯಾಕ್ಟ್ರೊಸೆರ ಡಾರ್ಸಾಲಿಸ್ ಎಂಬ ಹೆಸರು ಇದಕ್ಕೆ 1912ರಷ್ಟು ಹಿಂದೆಯೇ ಸಂದದ್ದು. 1994ರಲ್ಲಿ ಮಲೇಷ್ಯಾ ಕಡೆಯದನ್ನೂ ಫಿಲಿಪೀನ್ಸಿನದನ್ನೂ ಬೇರೆ ಬೇರೆ ಪ್ರಭೇದಗಳೆಂದು ಬರೆದರು. 2003ರಲ್ಲಿ ಕೀನ್ಯಾದಲ್ಲಿ ಕಾಣಿಸಿಕೊಂಡದ್ದಕ್ಕೆ ಎರಡು ವರ್ಷದಲ್ಲಿ ಇನ್ನೊಂದು ಹೆಸರು ಬಂತು. ಆಮೇಲೆ ಒಂದು ದೇಶದ ಗಂಡನ್ನು ಇನ್ನೊಂದರ ಹೆಣ್ಣಿನೊಡನೆ ಬಿಟ್ಟು ನೋಡಿದರು. ಕೂಡಿದವು, ಸಂತಾನವೂ ಚೆನ್ನಾಗಿ ಬೆಳೆಯಿತು. ಇವೆಲ್ಲ ಒಂದೇ ಎಂದು ಡಿಎನ್‌ಎ ಕೂಡ ಹೇಳಿತು. 2015ರಲ್ಲಿ ಆ ಮೂರೂ ಹೆಸರುಗಳನ್ನು ಹಳೆಯ ಹೆಸರಿಗೆ ಸೇರಿಸಿದರು.

ಒಂದೇ ಪ್ರಭೇದ ಅಂದಮೇಲೆ ಒಳಗೆಲ್ಲ ಏಕರೂಪವೇ? ಇಲ್ಲ, ಇಲ್ಲಿಯೇ ಬೆರಗು. ಜೀವಕೋಶದೊಳಗಿನ ಮೈಟೊಕಾಂಡ್ರಿಯದ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತದೆ; ಅದನ್ನು ಹಿಡಿದು ಹೋದರೆ ತಾಯಿಯ ಗೆರೆ ಸಿಗುತ್ತದೆ. ಮೀಥೈಲ್ ಯೂಜಿನಾಲ್ ಹಾಕಿದ ಬಲೆಗೆ, ಅಂದರೆ ನಮ್ಮ ತುಳಸಿಯಲ್ಲೂ ಇರುವ ಆ ಪರಿಮಳಕ್ಕೆ, ಮರುಳಾಗಿ ಬೀಳುವವು ಗಂಡುಗಳು. ತಾಯಿಯ ಗೆರೆಯನ್ನು ಮೈಯಲ್ಲಿ ಹೊತ್ತೂ ಮುಂದಕ್ಕೆ ಕೊಡಲಾಗದ ಈ ಗಂಡುಮಕ್ಕಳಿಂದಲೇ ಸಂಶೋಧಕರು ತಾಯಂದಿರ ಚರಿತ್ರೆ ಓದುತ್ತಾರೆ! ಹಾಗೆ ಓದಿದ ಏಷ್ಯಾದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡದ್ದು ಇದು: ಪ್ರಾಂತ್ಯ ಪ್ರಾಂತ್ಯಗಳ ನಡುವೆ ಇರುವ ಭೇದಕ್ಕಿಂತ ಒಂದೇ ಪ್ರದೇಶದ ನೊಣಗಳ ನಡುವಿನ ಭೇದವೇ ಹೆಚ್ಚು. ಒಂದೇ ಕೊಂಬೆಗೆ ಕಟ್ಟಿದ ಬಲೆಯಲ್ಲಿ ಅಕ್ಕಪಕ್ಕ ಸತ್ತುಬಿದ್ದ ಎರಡು ನೊಣಗಳ ತಾಯಿಬೇರು ಎಷ್ಟೋ ಕಾಲದ ಹಿಂದೆಯೇ ಕವಲೊಡೆದಿರಬಹುದು.

ನೊಣಗಳ ಸಂಖ್ಯೆ ಅಪಾರವಾದಲ್ಲಿ ಹಳೆಯ ಗೆರೆಗಳು ಸುಲಭಕ್ಕೆ ಅಳಿಯುವುದಿಲ್ಲ. ಕೆಲವೇ ನೊಣಗಳು ಬಂದು ನೆಲೆಯೂರಿದ ದ್ವೀಪದಲ್ಲಾದರೆ ಬಂದವು ತಂದಷ್ಟೇ ಬಂಡವಾಳ. ಆದರೆ ಪ್ರಾಂತ್ಯಗಳ ಗಡಿ ಹೀಗೆ ಮಸುಕಾಗಲು ನೊಣದ ರೆಕ್ಕೆಯೊಂದೇ ಕಾರಣವಲ್ಲ. ಮಂಡಿಯಿಂದ ಮಂಡಿಗೆ, ಬಂದರಿನಿಂದ ಬಂದರಿಗೆ ಹಣ್ಣು ಸಾಗಿಸಿದವರು ನಾವು. ಸಿಪ್ಪೆಯ ಮೇಲಿನ ಚುಚ್ಚಿದ ಗುರುತು ಕಣ್ಣಿಗೆ ಬೀಳದಷ್ಟು ಸಣ್ಣದು; ಆ ಬುಟ್ಟಿಗಳಲ್ಲಿ ಎಷ್ಟು ತಾಯಂದಿರ ಗೆರೆಗಳು ಊರು ಬಿಟ್ಟು ಊರು ಸೇರಿದವೋ!